ಅಂಬೆಗಾಲು: ಊಟ ಬೇಡ ಅನ್ನೋ ಮಗು, ಮಾತು ಬಾರದ ಮಗು, ಮಳೆಗಾಲದ ಕೆಂಡ

ಈ ತಿಂಗಳು ಬಂದಿರೋ ಪತ್ರಗಳನ್ನೆಲ್ಲ ಹರಡ್ಕೊಂಡು ಕೂತರೆ ಅರ್ಧಕ್ಕಿಂತ ಜಾಸ್ತಿ ಒಂದೇ ಮಾತು, ಮಗು ಊಟ ಮಾಡಲ್ಲ ಅಂತ. ಹಾಸನದವ್ರೂ ಅದೇ, ಕಡೂರಿನವ್ರೂ ಅದೇ, ಎಸ್ಟೇಟಲ್ಲಿರೋವ್ರೂ ಅದೇ. ಅದಕ್ಕೇ ಅದನ್ನ ಮೊದಲು ತಗೊಂಡು ಉದ್ದವಾಗೇ ಬರೀತೀನಿ, ಮಿಕ್ಕ ಪ್ರಶ್ನೆಗಳಿಗೆ ಎಷ್ಟು ಬೇಕೋ ಅಷ್ಟು. ಹೊಸದಾಗಿ ಓದ್ತಿರೋವ್ರಿಗೆ ಹೇಳ್ಬಿಡ್ತೀನಿ, ನಾನು ಡಾಕ್ಟರಲ್ಲ, ಮಕ್ಕಳ ವಾರ್ಡಲ್ಲಿ ನರ್ಸಾಗಿ ದುಡಿದು ರಿಟೈರ್ ಆದವಳು, ಈಗ ಚಿಕ್ಕಮಗಳೂರಲ್ಲಿ ಮಗಳ ಮನೇಲಿ ಮೊಮ್ಮಗನ್ನ ನೋಡ್ಕೊಂಡಿದೀನಿ.

ಪ್ರಶ್ನೆ: ನನ್ನ ಮಗಳಿಗೆ ಒಂದೂವರೆ ವರ್ಷ, ತೂಕ 9 ಕೆಜಿ 600 ಗ್ರಾಂ. ಮೊದಲು ಚೆನ್ನಾಗೇ ತಿಂತಿದ್ಲು, ಈಗ ಎರಡು ತುತ್ತಿಗೇ ಬಾಯಿ ಮುಚ್ಕೋತಾಳೆ. ಫೋನ್ ಹಾಕಿ ಕೊಟ್ರೆ ಮಾತ್ರ ತಿಂತಾಳೆ, ಅದೂ ಒಂದು ಗಂಟೆ ಹಿಡಿಯುತ್ತೆ. ಹಸ್ಕೊಂಡಿರ್ಬಾರ್ದು ಅಂತ ದಿನಕ್ಕೆ ಐದು ಸಲ ಬಾಟ್ಲೀಲಿ ಹಾಲು ಕೊಡ್ತೀನಿ, ಕೊನೇದು ರಾತ್ರಿ ಮಲಗಿಸ್ಕೊಂಡೇ. ಮಗೂನ ಸೊರಗಿಸ್ತಿದೀಯ ಅಂತ ಅತ್ತೆ ದಿನಾ ಅಂತಾರೆ. ಹಸಿವಾಗೋಕೆ ಯಾವ್ದಾದ್ರೂ ಟಾನಿಕ್ ಇದ್ರೆ ಹೇಳಿ. (ಸಕಲೇಶಪುರ)

ಉತ್ತರ: ಟಾನಿಕ್ ಬೇಡ ಕಣಮ್ಮ. ಐದು ಬಾಟ್ಲಿ ಅಂತ ಬರ್ದಿದೀರಲ್ಲ, ಉತ್ತರ ಅಲ್ಲೇ ಇದೆ. ಒಂದು ಬಾಟ್ಲಿಗೆ 200 ಎಂಎಲ್ ಅಂತ ಇಟ್ಕೊಂಡ್ರೂ ದಿನಕ್ಕೆ 1 ಲೀಟರ್ ಹಾಲಾಯ್ತು, ಈ ವಯಸ್ಸಿನ ಮಗುಗೆ ದಿನಕ್ಕೆ ಬೇಕಾಗೋ ಶಕ್ತೀಲಿ ಅರ್ಧಕ್ಕಿಂತ ಜಾಸ್ತಿ ಆ ಹಾಲಲ್ಲೇ ಹೊಟ್ಟೆಗೆ ಹೋಗಿರುತ್ತೆ, ಇನ್ನು ಮುದ್ದೆಗೆ ಜಾಗ ಎಲ್ಲಿಂದ ಬರ್ಬೇಕು ಹೇಳಿ. ಅವಳು ಹಟ ಮಾಡ್ತಿಲ್ಲ, ಅವಳಿಗೆ ಹೊಟ್ಟೆ ತುಂಬಿದೆ.

ಇನ್ನೊಂದು ವಿಷಯ ಯಾರೂ ಅಮ್ಮಂದಿರಿಗೆ ಮೊದಲೇ ಹೇಳಿರಲ್ಲ. ಮೊದಲ ವರ್ಷ ಮಗು ಹುಟ್ಟಿದ ತೂಕದ ಮೂರರಷ್ಟಾಗುತ್ತೆ, 3 ಕೆಜಿ ಹುಟ್ಟಿದ್ದು 9 ಕೆಜಿ ಆಗುತ್ತೆ. ಎರಡನೇ ವರ್ಷ ಇಡೀ ವರ್ಷಕ್ಕೆ ಸೇರೋದು ಎರಡು, ಎರಡೂವರೆ ಕೆಜಿ ಅಷ್ಟೇ. ಬೆಳೆಯೋ ಸ್ಪೀಡ್ ಕಮ್ಮಿಯಾದ್ಮೇಲೆ ಹಸಿವೂ ಕಮ್ಮಿ ಆಗ್ಲೇಬೇಕು, ಅದು ಕಾಯಿಲೆ ಅಲ್ಲ. ನಿಮ್ಮ ಮಗಳ 9 ಕೆಜಿ 600 ಒಂದೂವರೆ ವರ್ಷದ ಹೆಣ್ಣುಮಗುಗೆ ಸರಿಯಾದ ತೂಕಾನೇ, ತಾಯಿ ಕಾರ್ಡಲ್ಲಿ ಗ್ರಾಫ್ ಇರುತ್ತಲ್ಲ ಅದನ್ನ ಬಿಚ್ಚಿ ಅತ್ತೆಗೂ ತೋರ್ಸಿ, ಹಸಿರು ಪಟ್ಟೀಲೇ ಇರುತ್ತೆ.

ಆದ್ರೂ ಇದನ್ನ ಹೀಗೇ ಬಿಡೋ ಹಾಗಿಲ್ಲ, ಯಾಕಂದ್ರೆ ಹಾಲಲ್ಲಿ ಕಬ್ಬಿಣದ ಅಂಶ ಇಲ್ಲ ಅನ್ನೋವಷ್ಟು ಕಮ್ಮಿ, ಸಾಲದ್ದಕ್ಕೆ ಬೇರೆ ಊಟದಲ್ಲಿರೋ ಕಬ್ಬಿಣಾನೂ ಮೈಗೆ ಹತ್ತೋಕೆ ಅದು ಬಿಡಲ್ಲ. ಹಾಲಲ್ಲೇ ಬೆಳೆದ ಮಗು ಗುಂಡಗೆ ಮುದ್ದಾಗಿ ಕಾಣುತ್ತೆ, ಕಣ್ಣಿನ ಕೆಳ ರೆಪ್ಪೆ ಎಳೆದು ನೋಡಿದ್ರೆ ಒಳಗೆ ಬೆಳ್ಳಗಿರುತ್ತೆ. ವಾರ್ಡಲ್ಲಿ ಇಂಥ ಮಕ್ಕಳನ್ನ ನಾನು ಎಷ್ಟು ನೋಡಿದೀನಿ ಅಂದ್ರೆ ಈಗ್ಲೂ ಬಸ್ಸಲ್ಲಿ ಯಾರ ಮಗು ಪಕ್ಕ ಕೂತ್ರೂ ನನ್ನ ಕಣ್ಣು ಮೊದಲು ಅದರ ಅಂಗೈಗೆ ಹೋಗುತ್ತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ಕರ್ನಾಟಕದಲ್ಲಿ 5 ವರ್ಷದೊಳಗಿನ ನೂರು ಮಕ್ಕಳಲ್ಲಿ 65 ಮಕ್ಕಳಿಗೆ ರಕ್ತಹೀನತೆ ಇದೆ, ಅಂದ್ರೆ ಬಡವ್ರ ಮನೆ ಮಾತ್ರ ಅಲ್ಲ, ಕರೆಯೋ ಹಸು ಇರೋ ಮನೆಯ ಮಕ್ಕಳೂ ಅದ್ರಲ್ಲಿದಾರೆ. ರಕ್ತ ಕಮ್ಮಿಯಾದ್ರೆ ಹಸಿವು ಇನ್ನೂ ಸಾಯುತ್ತೆ, ಹಸಿವಿಲ್ಲ ಅಂತ ಇನ್ನೂ ಹಾಲು ಕೊಡ್ತೀವಿ, ಅದೇ ಸುಳಿ.

ಈಗ ಏನು ಮಾಡ್ಬೇಕು ಅಂದ್ರೆ, ಹಾಲನ್ನ ದಿನಕ್ಕೆ 400ರಿಂದ 500 ಎಂಎಲ್‌ಗೆ ಇಳಿಸಿ, ಅದೂ ಲೋಟದಲ್ಲಿ, ಊಟ ಆದ್ಮೇಲೆ. ಒಂದೇ ದಿನಕ್ಕೆ ಕಿತ್ಕೋಬೇಡಿ, ಪಾಪ ಅವಳಿಗೆ ಬಾಟ್ಲಿ ಬರೀ ಹಾಲಲ್ಲ, ಸಮಾಧಾನಾನೂ ಹೌದು. ಮೂರ್ನಾಲ್ಕು ದಿನಕ್ಕೊಂದು ಬಾಟ್ಲಿ ಕಮ್ಮಿ ಮಾಡ್ತಾ ಬನ್ನಿ, ಹಗಲಿಂದು ಮೊದಲು, ರಾತ್ರೀದು ಕೊನೇಲಿ. ರಾತ್ರಿ ಬಾಟ್ಲಿ ಬಾಯಲ್ಲಿಟ್ಕೊಂಡೇ ನಿದ್ದೆ ಹೋದ್ರೆ ಮುಂದಿನ ಹಲ್ಲೆಲ್ಲ ಹುಳುಕಾಗುತ್ತೆ, ಸಕ್ಕರೆ ಹಾಕಿದ್ರಂತೂ ಕೇಳೋದೇ ಬೇಡ. ಎರಡು ವಾರ ಅಳು ಇರುತ್ತೆ, ಅದಕ್ಕೆ ಮನೆಯವ್ರೆಲ್ಲ ಒಂದೇ ಮಾತಲ್ಲಿರ್ಬೇಕು, ನೀವು ಬೇಡ ಅಂದು ಅಜ್ಜಿ ಒಳಗಡೆ ಹೋಗಿ ಕೊಟ್ರೆ ಮಗು ಅಜ್ಜಿ ಹತ್ರನೇ ಅಳೋಕೆ ಕಲಿಯುತ್ತೆ.

ಊಟದ್ದು ಹೇಳ್ತೀನಿ. ಮೂರು ಊಟ, ಮಧ್ಯೆ ಎರಡು ಸಲ ತಿಂಡಿ, ಇವುಗಳ ನಡುವೆ ನೀರು ಬಿಟ್ಟು ಏನೂ ಬೇಡ, ಬಿಸ್ಕೆಟ್ಟೂ ಬೇಡ. ತಟ್ಟೆಗೆ ಎರಡೇ ಸ್ಪೂನ್ ಹಾಕಿ, ಖಾಲಿಯಾದ್ಮೇಲೆ ಇನ್ನೆರಡು, ತುಂಬಿದ ತಟ್ಟೆ ನೋಡಿದ್ರೇ ಮಕ್ಕಳಿಗೆ ಸಾಕಾಗುತ್ತೆ. ಇಪ್ಪತ್ತು ನಿಮಿಷ ಆದ್ಮೇಲೆ ಬೇಡ ಅಂದ್ರೆ ತಟ್ಟೆ ಎತ್ತಿ, ಬೈಬೇಡಿ, ಬದಲಿಗೆ ಇನ್ನೇನೋ ಮಾಡಿ ಕೊಡೋಕೂ ಹೋಗ್ಬೇಡಿ. ಏನು ಕೊಡೋದು, ಯಾವಾಗ ಕೊಡೋದು ನಿಮ್ಮ ಕೈಲಿರ್ಲಿ, ಎಷ್ಟು ತಿನ್ನೋದು ಅನ್ನೋದನ್ನ ಅವಳಿಗೇ ಬಿಡಿ. ಇದನ್ನ ನಾನು ಕಷ್ಟಪಟ್ಟು ಕಲ್ತಿರೋದು, ನನ್ನ ಮಗಳಿಗೆ ಚಿಕ್ಕವಳಿದ್ದಾಗ ಕಾಲಲ್ಲಿ ಅದುಮಿ ಮಲಗಿಸ್ಕೊಂಡು ಒಳಲೇಲಿ ರಾಗಿ ಸರಿ ಹುಯ್ದಿದೀನಿ, ಆಮೇಲೆ ಎಷ್ಟೋ ತಿಂಗಳು ಅವಳು ತಟ್ಟೆ ಕಂಡ್ರೆ ಅಳೋಳು, ಆ ಮುಖ ನಂಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ನಮ್ಮ ಕಡೆ ಮಾಡೋ ಇನ್ನೊಂದು ತಪ್ಪು ಅಂದ್ರೆ ಸಾರಿನ ಮೇಲಿನ ತಿಳಿ ಬಗ್ಗಿಸಿ ಅನ್ನಕ್ಕೆ ಕಲಸಿ ಕೊಡೋದು, ಅದ್ರಲ್ಲಿ ಏನಿದೆ, ಉಪ್ಪು ನೀರು. ತಳದಲ್ಲಿರೋ ಗಟ್ಟಿ ಬೇಳೆ ಹಾಕಿ ಕಿವುಚಿ ಒಂದು ಚಮಚ ತುಪ್ಪ ಹಾಕಿ. ಹುರುಳಿಕಾಳು, ಅವರೆಕಾಳು, ಹೆಸರುಕಾಳು ಬೇಯಿಸಿ ನುಣ್ಣಗೆ ಮಾಡಿ, ಸೊಪ್ಪು ಹಾಕಿದ ಅಕ್ಕಿ ರೊಟ್ಟಿ ಮೆತ್ತಗೆ ತಟ್ಟಿ ಕೈಗೇ ಕೊಡಿ, ಕಡುಬನ್ನ ಚೂರು ಮಾಡಿ ಇಡಿ, ಅವಳೇ ಎತ್ಕೊಂಡು ತಿನ್ಲಿ, ಮೈಯೆಲ್ಲ ಬಳ್ಕೊಂಡ್ರೆ ಬಳ್ಕೊಳ್ಲಿ. ಮೊಟ್ಟೆ, ಮಾಂಸ ತಿನ್ನೋ ಮನೆಯಾದ್ರೆ ವಾರಕ್ಕೆರಡು ಸಲ ಕೋಳಿ ಈಲಿ (ಲಿವರ್) ಬೇಯಿಸಿ ಕಿವುಚಿ ಕೊಡಿ, ಕಬ್ಬಿಣ ಅದ್ರಲ್ಲಿದ್ದಷ್ಟು ಸುಲಭವಾಗಿ ಸೊಪ್ಪಲ್ಲಿ ಸಿಗಲ್ಲ. ತರಕಾರಿ ಊಟದವ್ರು ಕಾಳಿನ ಮೇಲೆ ನಿಂಬೆಹುಳಿ ನಾಲ್ಕು ಹನಿ ಹಿಂಡಿ, ಸೊಪ್ಪು ಕಾಳಿನ ಕಬ್ಬಿಣ ಹುಳಿ ಜೊತೆ ಚೆನ್ನಾಗಿ ಹತ್ತುತ್ತೆ. ಹಾಲು ಕಮ್ಮಿ ಮಾಡಿದ್ರೆ ಮೂಳೆ ಗತಿ ಏನು ಅಂತ ಅತ್ತೆ ಕೇಳಿದ್ರೆ ರಾಗಿ ತೋರ್ಸಿ, 100 ಗ್ರಾಂ ರಾಗೀಲಿ 350 ಮಿಲಿಗ್ರಾಂ ಆಸುಪಾಸು ಸುಣ್ಣದಂಶ ಇದೆ.

ಜೊತೆಗೆ ಆಶಾ ಕಾರ್ಯಕರ್ತೆ ಹತ್ರ ಕಬ್ಬಿಣದ ಸಿರಪ್ ಕೇಳಿ. 6 ತಿಂಗಳಿಂದ 5 ವರ್ಷದ ಎಲ್ಲ ಮಕ್ಕಳಿಗೂ ವಾರಕ್ಕೆ ಎರಡು ಸಲ 1 ಎಂಎಲ್, ಸರ್ಕಾರದಿಂದ ಪುಕ್ಕಟೆ. ಮಲ ಕಪ್ಪಗಾಗುತ್ತೆ, ಹೆದ್ರಿ ನಿಲ್ಲಿಸ್ಬೇಡಿ. ಕಣ್ಣು ಅಂಗೈ ಬಿಳಿಚಿದ್ರೆ, ಅಥವಾ ಮಗು ಮಣ್ಣು ಗೋಡೆ ಸುಣ್ಣ ಕೆರೆದು ತಿಂತಿದ್ರೆ ಈ ಸಿರಪ್ ಸಾಲಲ್ಲ, ಡಾಕ್ಟ್ರಿಗೆ ತೋರ್ಸಿ ಹಿಮೋಗ್ಲೋಬಿನ್ ಟೆಸ್ಟ್ ಮಾಡ್ಸಿ. ಮೂರು ತಿಂಗಳಾದ್ರೂ ತೂಕ ಏರ್ದೇ ಇದ್ರೂ ಅಷ್ಟೇ.

ಫೋನ್ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, 2 ವರ್ಷ ತುಂಬೋವರೆಗೂ ಸ್ಕ್ರೀನೇ ಬೇಡ, ಆಮೇಲೂ ದಿನಕ್ಕೆ 1 ಗಂಟೆ ಮೀರ್ಬಾರ್ದು. ನಂಗೆ ಅದಕ್ಕಿಂತ ಬೇಜಾರಾಗೋದು ಏನಂದ್ರೆ, ಫೋನ್ ನೋಡ್ತಾ ತಿನ್ನೋ ಮಗುಗೆ ಹೊಟ್ಟೆ ತುಂಬಿದ್ದೇ ಗೊತ್ತಾಗಲ್ಲ, ಬಾಯಿಗೆ ಬಂದಿದ್ದು ಬೀನ್ಸೋ ಬಾಳೆಹಣ್ಣೋ ಅಂತಾನೂ ಗೊತ್ತಾಗಲ್ಲ. ನೀವು ನಿಮ್ಮ ಊಟಕ್ಕೆ ಕೂರೋವಾಗ ಅವಳನ್ನೂ ಪಕ್ಕದಲ್ಲಿ ಕೂರಿಸ್ಕೊಳ್ಳಿ, ನಿಮ್ಮ ತಟ್ಟೆಗೆ ಕೈ ಹಾಕ್ಲಿ.

ಪ್ರಶ್ನೆ: ನಮ್ಮನೇಲಿ ಬೆಳಿಗ್ಗೆ ಸಂಜೆ ಕಾಫಿ ಕಾಸಿದ ತಕ್ಷಣ ಅಜ್ಜಿ 20 ತಿಂಗಳ ಮಗುಗೂ ಬೆಲ್ಲದ ಕಾಫಿ ಸಣ್ಣ ಲೋಟದಲ್ಲಿ ಕೊಡ್ತಾರೆ. ಕಾಫಿ ಬೆಳೆಯೋ ಊರಲ್ಲಿ ಕಾಫಿ ಬೇಡ ಅಂದ್ರೆ ಹೇಗೆ ಅಂತಾರೆ. ನಾಲ್ಕು ಗುಟುಕು, ಏನಾಗುತ್ತೆ? (ಮೂಡಿಗೆರೆ)

ಉತ್ತರ: ನಿಲ್ಲಿಸಿ. ಮೇಲೆ ಕಬ್ಬಿಣದ ಬಗ್ಗೆ ಅಷ್ಟುದ್ದ ಬರ್ದಿದೀನಲ್ಲ, ಕಾಫಿ ಟೀಲಿರೋ ಒಗರು ಆ ಕಬ್ಬಿಣಾನ ಹಿಡ್ಕೊಂಡು ಮೈಗೆ ಹತ್ತದ ಹಾಗೆ ಮಾಡುತ್ತೆ, ತಿಂಡಿ ಜೊತೆಗೇ ಕುಡಿದ್ರೆ ಇನ್ನೂ ಜಾಸ್ತಿ. ಸಂಜೆ ಕಾಫಿ ಕುಡಿದ ಮಗು ರಾತ್ರಿ ಹತ್ತಾದ್ರೂ ಮಲಗಲ್ಲ, ಈ ವಯಸ್ಸಿಗೆ ಹಗಲು ನಿದ್ದೆ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಅಜ್ಜಿ ಮನಸ್ಸು ನಂಗೆ ಅರ್ಥ ಆಗುತ್ತೆ, ಮೊಮ್ಮಗು ಜೊತೆ ಜಗಲೀಲಿ ಕೂತು ಕುಡಿಯೋ ಸುಖ ಅದು. ಅದೇ ಲೋಟದಲ್ಲಿ ಅದೇ ಹೊತ್ತಿಗೆ ತೆಳ್ಳಗಿನ ರಾಗಿ ಅಂಬಲಿನೋ ಹಾಲೋ ಕೊಡ್ಲಿ, ಮಗುಗೆ ಬೇಕಾಗಿರೋದು ಲೋಟ ಮತ್ತೆ ಅಜ್ಜಿ. ಬಿಸಿ ಕಾಫಿ ಲೋಟ ಮಗುಗೆ ಎಟುಕದ ಹಾಗಿಡಿ. ಚೆಲ್ಲಿ ಸುಟ್ರೆ ಇಪ್ಪತ್ತು ನಿಮಿಷ ನಲ್ಲಿ ನೀರು ಬಿಡಿ, ಪೇಸ್ಟು ಇಂಕು ಏನೂ ಹಚ್ಬೇಡಿ.

ಪ್ರಶ್ನೆ: ಮಗನಿಗೆ 23 ತಿಂಗಳು. ಅಮ್ಮ, ತಾ, ಬುರ್ ಇಷ್ಟೇ ಹೇಳೋದು. ಹೇಳಿದ್ದೆಲ್ಲ ಅರ್ಥ ಆಗುತ್ತೆ. ಅವನಪ್ಪನೂ ಮೂರು ವರ್ಷಕ್ಕೆ ಮಾತಾಡಿದ್ದು, ಗಂಡುಮಕ್ಕಳು ಲೇಟು ಅಂತ ಎಲ್ರೂ ಹೇಳ್ತಾರೆ. ನಾನು ತುಳು, ಮನೆಯವ್ರು ಕನ್ನಡ, ಎರಡು ಭಾಷೆ ಆಗಿ ಮಗು ಕನ್‌ಫ್ಯೂಸ್ ಆಗಿದೆ ಅಂತಾನೂ ಅಂತಾರೆ. (ಚನ್ನರಾಯಪಟ್ಟಣ)

ಉತ್ತರ: ಎರಡು ಭಾಷೆಯಿಂದ ಯಾವ ಮಗೂನೂ ಕೆಡಲ್ಲ, ನೀವು ತುಳು ಬಿಡ್ಬೇಡಿ, ದಯವಿಟ್ಟು. ಮಂಗಳೂರು ಕಡೆ ಮಕ್ಕಳು ಮೂರು ಭಾಷೇಲಿ ಬೆಳೀತಾರೆ.

ಆದ್ರೆ ಕಾಯ್ಬೇಡಿ. 2 ವರ್ಷಕ್ಕೆ ಮಗು ಎರಡು ಮಾತು ಜೋಡಿಸ್ಬೇಕು, ಅಮ್ಮ ಬಾ, ಹಾಲು ಬೇಡ, ಹೀಗೆ. ಹುಡುಗ್ರು ಸ್ವಲ್ಪ ಹಿಂದು ಅನ್ನೋದು ನಿಜಾನೇ, ಆದ್ರೆ ಆ ಹಿಂದು ಒಂದೆರಡು ತಿಂಗಳಿಂದು, ಒಂದು ವರ್ಷದ್ದಲ್ಲ. ಅವನಪ್ಪ ತಾನಾಗೇ ಮಾತು ಕಲಿತ್ರು, ಸಂತೋಷ, ಅದೇ ಥರ ಕಾದು ಕಾದು ನಾಲ್ಕು ವರ್ಷಕ್ಕೆ ಕರ್ಕೊಂಡು ಬಂದ ಮಕ್ಕಳನ್ನೂ ನಾನು ನೋಡಿದೀನಿ, ಅದ್ರಲ್ಲಿ ಕೆಲವಕ್ಕೆ ಕಿವಿಯೇ ಕೇಳಿಸ್ತಿರ್ಲಿಲ್ಲ, ತುಟಿ ಮುಖ ನೋಡ್ಕೊಂಡು ಅರ್ಥ ಮಾಡ್ಕೊಳ್ತಿದ್ವು ಅಷ್ಟೇ, ಮನೆಯವ್ರು ಅರ್ಥ ಆಗುತ್ತೆ ಅನ್ಕೊಂಡಿದ್ರು. ಅದಕ್ಕೇ ಮೊದಲು ಕಿವಿ ಟೆಸ್ಟ್. ಪದೇ ಪದೇ ನೆಗಡಿಯಾಗಿ ಕಿವಿ ಒಳಗೆ ನೀರು ನಿಂತಿದ್ರೂ ಕೇಳೋದು ಮಂದ ಆಗುತ್ತೆ, ಅದು ಔಷಧೀಲೇ ಸರಿ ಹೋಗೋದೂ ಉಂಟು.

ಜಿಲ್ಲಾಸ್ಪತ್ರೇಲಿ ಮಕ್ಕಳ ಬೆಳವಣಿಗೆ ನೋಡೋಕೆ ಡಿಇಐಸಿ ಅಂತ ಒಂದು ವಿಭಾಗ ಇರುತ್ತೆ, ಅಂಗನವಾಡಿ ಟೀಚರ್ ಹತ್ರ ಹೇಳಿದ್ರೆ ಅವ್ರೇ ದಾರಿ ತೋರಿಸ್ತಾರೆ. ಇಲ್ಲಾಂದ್ರೆ ನೇರ ಮೈಸೂರಿಗೆ ಹೋಗಿ, ಮಾನಸಗಂಗೋತ್ರಿ ಹತ್ರ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡ್ತಿದೆ, ದೇಶದ ಎಲ್ಲೆಲ್ಲಿಂದಾನೋ ಜನ ಬರ್ತಾರೆ, ನಿಮಗೆ ಬೆಳಿಗ್ಗೆ ಬಸ್ಸು ಹತ್ತಿದ್ರೆ ಸಂಜೆ ವಾಪಸ್. ಮಗು ಹೆಸರು ಕೂಗಿದ್ರೆ ತಿರುಗಲ್ಲ, ಬೇಕಾದ್ದನ್ನ ಬೆರಳು ತೋರ್ಸಲ್ಲ, ಮುಂಚೆ ಬರ್ತಿದ್ದ ಮಾತು ಈಗ ಹೋಗಿದೆ, ಈ ಮೂರರಲ್ಲಿ ಒಂದಿದ್ರೂ ಈ ವಾರವೇ ಹೊರಡಿ.

ಅಲ್ಲೀವರೆಗೂ ಟಿವಿ ಆಫ್ ಮಾಡಿ, ಮಾಡೋ ಕೆಲಸವನ್ನೇ ಮಾತಲ್ಲಿ ಹೇಳ್ತಾ ಇರಿ, ಕಾಯಿ ತುರೀತಿದೀನಿ, ಕರು ಬಂತು, ಮಳೆ ನಿಂತ್ಹೋಯ್ತು. ಅವನು ಬುರ್ ಅಂದ್ರೆ ಹೂಂ ಬಸ್ಸು ಹೋಯ್ತು, ಕೆಂಪು ಬಸ್ಸು ಅನ್ನಿ. ಹೇಳು ಹೇಳು ಅಂತ ಪೀಡಿಸ್ಬೇಡಿ. ಲೋಟ ಕೇಳಿದ ತಕ್ಷಣ ಕೈಗಿಡ್ದೆ ಹತ್ತು ಎಣಿಸೋವಷ್ಟು ಹೊತ್ತು ಅವನ ಮುಖ ನೋಡ್ತಾ ಕಾಯಿರಿ, ಏನೋ ಒಂದು ಶಬ್ದ ಬರುತ್ತೆ.

ಪ್ರಶ್ನೆ: ಜೂನ್ ಬಂದ್ರೆ ನಮ್ಮ ಕಡೆ ಬಟ್ಟೆ ಒಣಗೋದೇ ಇಲ್ಲ. ಒಂದು ವರ್ಷದ ಮಗು, ದಿನಕ್ಕೆ ಹದಿನೈದು ಬಟ್ಟೆ. ರೂಮಲ್ಲಿ ಅಗ್ಗಿಷ್ಟಿಕೆ ಇಟ್ಟು ಒಣಗಿಸಿ, ಬಾಗಿಲು ಹಾಕ್ಕೊಂಡು ಬೆಚ್ಚಗೆ ಮಲಗ್ತೀವಿ. ಸ್ನಾನ ಆದ್ಮೇಲೆ ಲೋಬಾನದ ಹೊಗೆನೂ ಹಿಡೀತೀವಿ. ಆದ್ರೂ ಮಗುಗೆ ತಿಂಗಳು ತಿಂಗಳೂ ಶೀತ, ಕೆಮ್ಮು. ಯಾವ ಕೆಮ್ಮಿನ ಸಿರಪ್ ಒಳ್ಳೇದು? (ಕೊಪ್ಪ)

ಉತ್ತರ: ಸಿರಪ್ಪಿಗಿಂತ ಮೊದಲು ಆ ಅಗ್ಗಿಷ್ಟಿಕೆ ಬಗ್ಗೆ. ಇವತ್ತು ರಾತ್ರಿಯಿಂದಲೇ ಅದು ಮಲಗೋ ರೂಮಲ್ಲಿ ಇರ್ಬಾರ್ದು. ಇದ್ದಿಲು ಮುಚ್ಚಿದ ಕೋಣೇಲಿ ಉರಿದ್ರೆ ಕಾರ್ಬನ್ ಮೊನಾಕ್ಸೈಡ್ ಅಂತ ವಿಷಗಾಳಿ ಬರುತ್ತೆ, ಬಣ್ಣ ಇಲ್ಲ, ವಾಸನೆ ಇಲ್ಲ, ಹೊಗೆ ಕಾಣಿಸ್ದೇ ಬರೀ ಕೆಂಡ ಇದ್ದಾಗ್ಲೂ ಬರುತ್ತೆ. ಒಂದು ಮಳೆಗಾಲದ ಬೆಳಿಗ್ಗೆ ಗಂಡ ಹೆಂಡತಿ ಮಗು ಮೂವರೂ ತಲೆನೋವು ವಾಂತಿ ಅಂತ ಆಸ್ಪತ್ರೆಗೆ ಬಂದಿದ್ರು, ಊಟದಲ್ಲಿ ಏನೋ ಆಗಿದೆ ಅಂತ ನಾವೂ ಅನ್ಕೊಂಡ್ವಿ, ಕೇಳ್ತಾ ಕೇಳ್ತಾ ಕೆಂಡದ ವಿಷಯ ಬಂತು. ಅವ್ರು ಉಳಿದ್ರು, ರಾತ್ರಿ ಮಗು ಅತ್ತು ತಾಯಿ ಬಾಗಿಲು ತೆಗೆದಿದ್ದಕ್ಕೆ ಉಳಿದ್ರು. ನಿಮ್ಮ ಪತ್ರ ಓದ್ದಾಗಿಂದ ನಂಗೆ ಅದೇ ಕಣ್ಣ ಮುಂದೆ. ಬಟ್ಟೆ ಬಚ್ಚಲ ಒಲೆ ಹತ್ರ ಹಗಲಲ್ಲಿ ಒಣಗಿಸಿ, ಗಾಳಿ ಆಡೋ ಹಾಗಿರ್ಲಿ, ಮಲಗೋವಾಗ ಮಗುಗೆ ಟೋಪಿ ಬೇಡ, ಒಂದು ಪದರ ಜಾಸ್ತಿ ಬಟ್ಟೆ ಸಾಕು.

ಲೋಬಾನ ಬಿಡಿ, ಅಡಿಗೆ ಒಲೆ ಹೊಗೆ, ಬೀಡಿ ಸಿಗರೇಟು, ಸೊಳ್ಳೆ ಬತ್ತಿ, ಎಲ್ಲಾ ಸೇರಿ ಆ ಪುಟ್ಟ ಶ್ವಾಸನಾಳಕ್ಕೆ ಉರಿ. ಶೀತ ವರ್ಷಕ್ಕೆ ಆರರಿಂದ ಎಂಟು ಸಲ ಬರೋದು ಈ ವಯಸ್ಸಲ್ಲಿ ಮಾಮೂಲು, ಆದ್ರೆ ಹೊಗೆ ಇದ್ರೆ ಬಂದಿದ್ದು ಹೋಗಲ್ಲ.

ಕೆಮ್ಮಿನ ಸಿರಪ್ ಯಾವ್ದೂ ಬೇಡ. 2025ರ ಅಕ್ಟೋಬರಲ್ಲಿ ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಯವ್ರೇ 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿ ಔಷಧಿ ಕೊಡ್ಬಾರ್ದು ಅಂತ ರಾಜ್ಯಗಳಿಗೆ ಬರೆದ್ರು. ಮೂಗು ಕಟ್ಟಿದ್ರೆ ಸಲೈನ್ ಡ್ರಾಪ್ಸ್, 1 ವರ್ಷ ತುಂಬಿದ್ರೆ ರಾತ್ರಿ ಅರ್ಧ ಚಮಚ ಜೇನುತುಪ್ಪ, ತುಂಬಿರ್ಲಿಲ್ಲ ಅಂದ್ರೆ ಜೇನು ನೆಕ್ಕಿಸಲೇಬಾರ್ದು, ಮಲೆನಾಡಿನ ಒಳ್ಳೇ ಜೇನಾದ್ರೂ. ಒಂದು ಕಲ್ತಿಟ್ಕೊಳ್ಳಿ, ಮಗು ಅಳದೆ ಸುಮ್ನಿರೋವಾಗ ಅಂಗಿ ಎತ್ತಿ ಗಡಿಯಾರ ನೋಡ್ಕೊಂಡು ಒಂದು ನಿಮಿಷ ಉಸಿರು ಎಣಿಸಿ. 1 ವರ್ಷ ದಾಟಿದ ಮಗುಗೆ ನಿಮಿಷಕ್ಕೆ 40 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ, ಇಲ್ಲಾ ಪಕ್ಕೆ ಕೆಳಗೆ ಗುಳಿ ಬೀಳ್ತಿದ್ರೆ, ಮಳೆ ನಿಲ್ಲಲಿ ಅಂತ ಕಾಯ್ಬೇಡಿ, ಆಗ್ಲೇ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ತೋಟದ ಲೈನ್ ಮನೇಲಿದೀವಿ, ಹಣ್ಣು ಕುಯ್ಲು ಟೈಮಲ್ಲಿ ಇಬ್ರೂ ಕೆಲಸಕ್ಕೆ ಹೋಗ್ಬೇಕು. ಎರಡು ವರ್ಷದ ಮಗೂನ ಪಕ್ಕದ ಮನೆ ಅಕ್ಕನ ಹತ್ರ ಬಿಡ್ತೀವಿ. ಭಯ ಆಗುತ್ತೆ. (ಆಲ್ದೂರು)

ಉತ್ತರ: ನಿಮ್ಮ ಪಂಚಾಯ್ತೀಲಿ ಕೂಸಿನ ಮನೆ ಶುರುವಾಗಿದ್ಯಾ ಕೇಳಿ, ಕೂಲಿಗೆ ಹೋಗೋ ತಾಯಂದಿರ ಸಣ್ಣ ಮಕ್ಕಳಿಗೇ ಅಂತ ಮಾಡಿರೋದು. ಇಲ್ಲಾಂದ್ರೆ ಅಕ್ಕನೇ ಸರಿ, ಆದ್ರೆ ಅಕ್ಕನ ಮನೆ ಒಂದ್ಸಲ ಮಗು ಎತ್ತರಕ್ಕೆ ಬಗ್ಗಿ ನೋಡಿ. ನಂಗೆ ಎಲ್ಲಕ್ಕಿಂತ ಹೆದ್ರಿಕೆ ಔಷಧಿ ಬಾಟ್ಲಿಗಳದ್ದು. ಕಾಂಡಕೊರಕದ ಔಷಧೀನ, ಕಳೆನಾಶಕಾನ ಜ್ಯೂಸ್ ಬಾಟ್ಲಿಗೆ ಬಗ್ಗಿಸಿ ಮಂಚದ ಕೆಳಗೆ ಇಡೋದು, ಗಿಡಕ್ಕೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಕವರಲ್ಲೇ ಮೂಲೇಲಿ ಬಿದ್ದಿರೋದು, ನೀಲಿ ಹರಳು ನೋಡಿದ್ರೆ ಮಗು ಕಲ್ಲುಸಕ್ಕರೆ ಅಂದ್ಕೊಳ್ದೇ ಇರುತ್ತಾ. ಎಲ್ಲಾ ಮೂಲ ಡಬ್ಬೀಲೇ ಇರ್ಲಿ, ಬೀಗ ಇರ್ಲಿ. ಸಿಂಪಡಿಸಿದ ದಿನದ ಬಟ್ಟೆಯಲ್ಲೇ ಬಂದು ಮಗೂನ ಎತ್ಕೋಬೇಡಿ. ಮಗು ಏನಾದ್ರೂ ಕುಡಿದಿದ್ರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸ್ಬೇಡಿ, 108ಕ್ಕೆ ಫೋನ್ ಮಾಡಿ, ಆ ಬಾಟ್ಲೀನ ಕೈಲಿ ಹಿಡ್ಕೊಂಡೇ ಹೋಗಿ.

ನೀರು ತುಂಬಿದ ಬಕೆಟ್ಟು, ಡ್ರಮ್ಮು ಮುಚ್ಚಿಡಿ. ಕಾಫಿ ಬೀಜ, ಅಡಿಕೆ, ಹುಣಸೆ ಬೀಜ, ಇಡೀ ಕಡಲೆಕಾಯಿ ಬೀಜ ಮಗು ಕೈಗೆ ಸಿಗ್ಬಾರ್ದು, ಗಂಟಲಿಗೆ ಸಿಕ್ಕಿ ಉಸಿರಾಡೋಕಾಗ್ದೆ ಒದ್ದಾಡಿದ್ರೆ ಬಾಯಿಗೆ ಬೆರಳು ಹಾಕ್ಬೇಡಿ, ಮಗೂನ ಮುಂದಕ್ಕೆ ಬಗ್ಗಿಸಿ ಎರಡು ಭುಜದ ಮಧ್ಯೆ ಅಂಗೈ ಬುಡದಲ್ಲಿ ಐದು ಸಲ ಜೋರಾಗಿ ತಟ್ಟಿ, ಹೋಗ್ಲಿಲ್ಲ ಅಂದ್ರೆ ಹಿಂದಿಂದ ತಬ್ಬಿ ಹೊಕ್ಕುಳಕ್ಕಿಂತ ಸ್ವಲ್ಪ ಮೇಲಕ್ಕೆ ಮುಷ್ಟಿ ಇಟ್ಟು ಒಳಕ್ಕೆ ಮೇಲಕ್ಕೆ ಐದು ಸಲ ಒತ್ತಿ, ಹೊರಗೆ ಬರೋವರೆಗೂ ಹೀಗೇ ಮಾಡ್ತಿರಿ. ಇದನ್ನ ಆ ಅಕ್ಕನಿಗೂ ಕಲಿಸ್ಕೊಡಿ, ನೀವಿಲ್ದೇ ಇರೋವಾಗ ಅಲ್ಲಿ ಇರೋದು ಅವ್ರೇ.

ಪ್ರಶ್ನೆ: ಉಂಬಳ (ಜಿಗಣೆ) ಹತ್ತದ ಹಾಗೆ ಮಗು ಕಾಲಿಗೆ ಹೊಗೆಸೊಪ್ಪಿನ ನೀರು ಹಚ್ಬೋದಾ? (ಕಳಸ)

ಉತ್ತರ: ಬೇಡ. ಹೊಗೆಸೊಪ್ಪಿನ ವಿಷ ಚರ್ಮದಿಂದಲೇ ಒಳಗೆ ಹೋಗುತ್ತೆ, ಆ ಕಾಲ್ಬೆರಳನ್ನ ಮಗು ಬಾಯಿಗೂ ಹಾಕುತ್ತೆ. ಉದ್ದ ಕಾಲುಚೀಲ ಹಾಕಿ ಪ್ಯಾಂಟನ್ನ ಅದರೊಳಗೆ ತುರುಕಿ, ಹುಲ್ಲಲ್ಲಿ ಇಳಿಸ್ದೇ ಎತ್ಕೊಂಡು ಹೋಗಿ. ಹತ್ತಿದ್ರೆ ಉಗುರನ್ನ ಚರ್ಮಕ್ಕೆ ಒತ್ತಿ ಅದರ ಬಾಯಿ ಪಕ್ಕದಿಂದ ಸರಿಸಿ ಬಿಡಿಸಿ, ಸೋಪ್ ನೀರಲ್ಲಿ ತೊಳೆದು ಬಟ್ಟೆ ಒತ್ತಿ ಹಿಡ್ಕೊಳ್ಳಿ. ರಕ್ತ ತುಂಬಾ ಹೊತ್ತು ಬರುತ್ತೆ, ಉಂಬಳದ ಜೊಲ್ಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಅಂಶ ಇರೋದ್ರಿಂದ, ಗಾಬರಿ ಬೇಡ, ಒತ್ತಿ ಹಿಡ್ಕೊಂಡೇ ಇರಿ.